ಕೈಮುಗಿದ ಹುಡುಗನ ಚಿತ್ರ

“ಬುದ್ಧಿ, ನಮ್ಮ ಕಾಲದಲ್ಲಿ ಶಾಲೆಯಲ್ಲಿ ಒಬ್ಬ ಹುಡುಗ ಇನ್ನೊಬ್ಬನನ್ನು ಗೋಳು ಹೊಯ್ದುಕೊಂಡರೆ ಹಿಡಿದು ಕೇಳಬಹುದಿತ್ತು. ಈಗ ಎಲ್ಲ ಫೋನಿನೊಳಗೇ ನಡೆಯುತ್ತದೆ. ಹೊಡೆದವನಿಲ್ಲ, ಬೈದವನಿಲ್ಲ, ಅಳುವವನು ಮಾತ್ರ ಇದ್ದಾನೆ. ಇದನ್ನು ಯಾರಿಂದ ಶುರುಮಾಡಿ ನಿಲ್ಲಿಸಬೇಕು?”

ಕೇಳಿದವನು ಪಂಚಾಕ್ಷರಿ. ಮಠದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರು, ಗುರುಗಳ ಹಳೆಯ ಶಿಷ್ಯ. ಕೇಳುವಾಗ ಮುಖವನ್ನು ಬಹಳ ಗಂಭೀರ ಮಾಡಿಕೊಂಡಿದ್ದ. ಗುರುಗಳು ಅವನನ್ನು ಒಂದು ಗಳಿಗೆ ನೋಡಿದರು. ತಮಗೆ ಫೋನಿನ ವಿದ್ಯೆ ಅಷ್ಟಕ್ಕಷ್ಟೇ, ಕತೆ ಬೇಕಾದರೆ ಒಂದು ಗೊತ್ತು, ನಡುವೆ ಬಾಯಿ ಹಾಕದೆ ಕೇಳುವುದಾದರೆ ಹೇಳುತ್ತೇನೆ ಎಂದರು. ಪಂಚಾಕ್ಷರಿ ಚಾಪೆಯ ಮೇಲೆ ಸರಿಯಾಗಿ ಕುಳಿತ.

ಒಂದು ಊರು. ಆ ಊರಿಗೊಂದು ಶಾಲೆ, ಶಾಲೆಗೊಬ್ಬರು ಹೆಡ್ಮಾಸ್ಟರು. ಮನುಷ್ಯ ಒಳ್ಳೆಯವರೇ. ಆದರೆ ತಮಗೆ ತಿಳಿಯದ ವಿಷಯ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ ಎಂಬ ನಂಬಿಕೆ ಸ್ವಲ್ಪ ಇತ್ತು. ಹುಡುಗರ ಜಗಳ ತೀರಿಸುವುದರಲ್ಲಿ ಅವರದು ಎತ್ತಿದ ಕೈ. ಒಬ್ಬನ ಚಪ್ಪಲಿಯನ್ನು ಇನ್ನೊಬ್ಬ ಮರದ ಮೇಲೆ ಎಸೆದ, ಒಬ್ಬನ ಊಟದ ಡಬ್ಬಿಯಲ್ಲಿ ಇನ್ನೊಬ್ಬ ಕಪ್ಪೆ ಬಿಟ್ಟ, ದಪ್ಪಗಿದ್ದವನಿಗೆ ಎಲ್ಲರೂ ಸೇರಿ ಗುಡಾಣ ಎಂದು ಹೆಸರಿಟ್ಟರು. ಇಂಥ ದೂರು ಬೆಳಿಗ್ಗೆ ಬಂದರೆ ಮಧ್ಯಾಹ್ನದ ಬೆಲ್ಲಿನೊಳಗೆ ತೀರ್ಮಾನ. ಎಸೆದವನೇ ಮರ ಹತ್ತಬೇಕು, ಬಿಟ್ಟವನೇ ಡಬ್ಬಿ ತೊಳೆಯಬೇಕು. ಸಂಜೆ ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಿದ್ದರು. ಏನೇ ಆಗಲಿ, ಗೇಟು ದಾಟಿದರೆ ಅಲ್ಲಿಗೆ ಮುಗಿಯುತ್ತಿತ್ತು.

ಆ ಶಾಲೆಯಲ್ಲಿ ಶುಕ್ರವಾರ ಶಾರದಾ ಪೂಜೆ ಮಾಡುವುದು ರೂಢಿ. ಪೂಜೆ ಮುಗಿದ ಮೇಲೆ ಬಾಳೆಎಲೆಯ ಚೂರಿನಲ್ಲಿ ಪ್ರಸಾದ ಕೊಡುತ್ತಾರೆ. ಎಲ್ಲರಿಗೂ ಕೊಟ್ಟಾಗಿ, ಎಲ್ಲರೂ ಕೈಮುಗಿದು ಪ್ರಾರ್ಥನೆ ಹೇಳಿ, ಆಮೇಲೆ ಬಾಯಿಗೆ ಹಾಕಬೇಕು. ಒಂದು ಶುಕ್ರವಾರ ಪ್ರಸಾದಕ್ಕೆ ಕೇಸರಿಬಾತು ಬಂತು, ಒಲೆಯಿಂದ ಇಳಿಸಿದ್ದು ಇಳಿಸಿದ ಹಾಗೇ. ಒಬ್ಬ ಹುಡುಗನಿಗೆ ತಡೆಯಲಾಗಲಿಲ್ಲ. ಪಾಪ, ಬೆಳಿಗ್ಗೆ ತಿಂಡಿ ತಿಂದಿರಲಿಲ್ಲವಂತೆ. ಇದ್ದದ್ದೆಲ್ಲವನ್ನೂ ಒಂದೇ ತುತ್ತಿಗೆ ಬಾಯಿಗೆ ತುಂಬಿಕೊಂಡ. ಅಷ್ಟರಲ್ಲಿ ಪ್ರಾರ್ಥನೆ ಶುರುವಾಯಿತು.

ಉಗುಳುವ ಹಾಗಿಲ್ಲ, ಪ್ರಸಾದ. ನುಂಗುವ ಹಾಗಿಲ್ಲ, ಕೆಂಡ. ಓಡುವ ಹಾಗಿಲ್ಲ, ಎದುರಿಗೆ ಹೆಡ್ಮಾಸ್ಟರು. ಹುಡುಗ ಕೈಮುಗಿದು ನಿಂತ. ಕಣ್ಣುಗುಡ್ಡೆ ಹೊರಗೆ ಬಂದಿದ್ದವು, ಕೆನ್ನೆ ಊದಿಕೊಂಡಿದ್ದವು, ಕಣ್ಣೀರು ಧಾರಾಕಾರ. ಪೂಜೆಯ ಫೋಟೊ ತೆಗೆಯಲೆಂದು ಯಾರೋ ಒಬ್ಬರು ಫೋನು ಹಿಡಿದಿದ್ದರು. ದೇವಿಯ ಫೋಟೊ ಬಿಟ್ಟು ಇವನ ಫೋಟೊ ತೆಗೆದರು. ಅದರಿಂದ ಯಾರೋ ಹುಡುಗನನ್ನಷ್ಟೇ ಕತ್ತರಿಸಿ ಸ್ಟಿಕರ್ ಮಾಡಿದರು. ವಾಟ್ಸಾಪಿನಲ್ಲಿ ಮಾತಾಡಲು ಸೋಮಾರಿತನವಾದರೆ ಒತ್ತುತ್ತಾರಲ್ಲ, ಆ ಚಿಕ್ಕ ಚಿತ್ರ.

ಇಲ್ಲಿಗೆ ಪಂಚಾಕ್ಷರಿಯ ಗಾಂಭೀರ್ಯ ಅರ್ಧ ಇಳಿದಿತ್ತು. ತುಟಿ ಕಚ್ಚಿ ಹಿಡಿದಿದ್ದ. ಗುರುಗಳು ನೋಡಿಯೂ ನೋಡದವರಂತೆ ಮುಂದುವರಿದರು.

ಬೇರೆ ಚಿತ್ರವಾಗಿದ್ದರೆ ವಾರದಲ್ಲಿ ಸತ್ತುಹೋಗುತ್ತಿತ್ತು. ಆದರೆ ಇದು ಎಲ್ಲದಕ್ಕೂ ಹೊಂದುತ್ತಿತ್ತು. ಕೈಮುಗಿದಿದ್ದಾನೆ, ಆದ್ದರಿಂದ ನಮಸ್ಕಾರಕ್ಕೆ ಆಯಿತು. ಕಣ್ಣರಳಿಸಿದ್ದಾನೆ, ಆದ್ದರಿಂದ ಚಿನ್ನದ ಬೆಲೆ ಏರಿದ್ದಕ್ಕೆ ಆಯಿತು. ಊರಿನ ಹಿರಿಯರೊಬ್ಬರು ತೀರಿಕೊಂಡರು. ಕೈಮುಗಿದು ಅಳುತ್ತಿದ್ದಾನಲ್ಲ ಎಂದು ಭಾವಪೂರ್ಣ ಶ್ರದ್ಧಾಂಜಲಿಯ ಕೆಳಗೆ ಜನ ಸಾಲಾಗಿ ಅದನ್ನೇ ಹಾಕಿದರು. ಹುಡುಗನ ಸ್ವಂತ ಸೋದರತ್ತೆ ಕನ್ನಡಕವಿಲ್ಲದೆ ನೋಡಿ, ಯಾವುದೋ ಬಾಲಭಕ್ತ ಇರಬೇಕೆಂದು ಬೆಳಿಗ್ಗೆ ಬೆಳಿಗ್ಗೆ ನೆಂಟರಿಗೆಲ್ಲ ಕಳಿಸತೊಡಗಿದಳು.

ಮೊದಲ ದಿನ ಹುಡುಗನೂ ಎಲ್ಲರ ಜೊತೆ ನಕ್ಕ. ನಗದಿದ್ದರೆ ಇನ್ನೂ ನಗುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಆಮೇಲೆ ಅಂಗಡಿಗೆ ಹೋದರೆ ಅಂಗಡಿಯವನು ಕೈಮುಗಿದು ಕಣ್ಣರಳಿಸಿದ. ಬಸ್ಸು ಹತ್ತಿದರೆ ಗುರುತು ಪರಿಚಯವಿಲ್ಲದ ಹೆಂಗಸು ಕೆನ್ನೆ ಊದಿಸಿ ಪಕ್ಕದವಳಿಗೆ ತೋರಿಸಿದಳು. ಸಾಕಪ್ಪ ಎಂದು ಮನೆಗೆ ಬಂದರೆ ಅಮ್ಮನ ಫೋನು ಟಿಂಗ್ ಎನ್ನುತ್ತಿತ್ತು. ಅದರೊಳಗೂ ತಾನೇ ಕೈಮುಗಿದು ನಿಂತಿದ್ದ. ಹುಡುಗ ಶಾಲೆಗೆ ಬರುವುದನ್ನು ಬಿಟ್ಟ. ಓದು ಸಾಕು, ಮಾವನ ಗ್ಯಾರೇಜಿಗೆ ಸೇರುತ್ತೇನೆ ಎಂದು ಹಟ ಹಿಡಿದು ಕೂತ. ಲೆಕ್ಕದಲ್ಲಿ ಜಾಣ ಹುಡುಗ. ಹೆಡ್ಮಾಸ್ಟರಿಗೆ ಸಂಕಟವಾಯಿತು. ಏನಾದರೂ ಆಗಲಿ, ಅವನನ್ನು ತರಗತಿಗೆ ಮರಳಿ ತಂದೇ ತರುತ್ತೇನೆ ಎಂದು ಹಟ ತೊಟ್ಟರು.

ಅವರಿಗೆ ಗೊತ್ತಿದ್ದದ್ದು ಹಳೆಯ ವಿದ್ಯೆ. ತರಗತಿಯನ್ನು ಸಾಲಾಗಿ ನಿಲ್ಲಿಸಿ, ಇದನ್ನು ಮಾಡಿದವರು ಯಾರು ಎಂದು ಗದರಿಸಿದರು. ಯಾರೂ ತುಟಿಪಿಟಕ್ ಎನ್ನಲಿಲ್ಲ. ಹೋಗಲಿ, ಕಳಿಸಿದವರು ಯಾರು ಎಂದರು. ಇಡೀ ತರಗತಿ ಕೈ ಎತ್ತಿತು. ಬಂತು, ಕಳಿಸಿದೆವು, ಅಷ್ಟೇ ಎಂಬ ಭಾವ. ಮೊದಲನೆಯವನ ಕಿವಿ ಹಿಡಿದು, ನಿನಗೆ ಕಳಿಸಿದ್ದು ಯಾರು ಎಂದರೆ ಪಕ್ಕದವನನ್ನು ತೋರಿಸಿದ. ಪಕ್ಕದವನು ತನ್ನ ಚಿಕ್ಕಪ್ಪನ ಹೆಸರು ಹೇಳಿದ. ಚಿಕ್ಕಪ್ಪ ಹಾಲಿನ ಡೈರಿಯ ಕಾರ್ಯದರ್ಶಿ. ಆತನ ಕಿವಿ ಹಿಡಿಯುವ ಹಾಗಿಲ್ಲ, ಮನೆಗೆ ಹಾಲು ಅಲ್ಲಿಂದಲೇ ಬರಬೇಕು. ಹೆಡ್ಮಾಸ್ಟರು ನಯವಾಗಿ ಕೇಳಿದರು. ಆತ ಮಹಿಳಾ ಸಂಘದ ಅಧ್ಯಕ್ಷೆಯ ಕಡೆ ಬೆರಳು ಮಾಡಿದ. ಆಕೆ ಸ್ವಲ್ಪ ಸಂಕೋಚಪಟ್ಟು, ಸಂಘದ ಗುಂಪಿಗೆ ಅದನ್ನು ಹಾಕಿದ್ದು ನಿಮ್ಮ ಮನೆಯವರೇ ಸಾರ್ ಎಂದಳು.

ಮನೆಗೆ ಬಂದು ಹೆಂಡತಿಯನ್ನು ಕೇಳಿದರು. ಆಕೆ ಒಗ್ಗರಣೆ ಹಾಕುತ್ತಿದ್ದವಳು ತಿರುಗಿಯೂ ನೋಡದೆ, ತರಕಾರಿ ತರಲು ಮರೆತ ದಿನ ತಪ್ಪಾಯಿತು ಎಂದು ನೀವೇ ಕಳಿಸಿದ್ದಲ್ಲವೇ, ಈಗ ನನ್ನನ್ನು ಕೇಳುತ್ತೀರಲ್ಲ ಎಂದಳು. ಹೆಡ್ಮಾಸ್ಟರು ಫೋನು ತೆಗೆದು ನೋಡಿದರು. ಕಳಿಸಿದ್ದು ಹೌದು. ಅವರಿಗೆ ಯಾರು ಕಳಿಸಿದ್ದರೋ ನೆನಪಿರಲಿಲ್ಲ. ತಮ್ಮ ವಿದ್ಯಾರ್ಥಿಯ ಮುಖ ಎಂಬುದೂ ಆಗ ಹೊಳೆದಿರಲಿಲ್ಲ.

ಪಂಚಾಕ್ಷರಿ ಈಗ ಬಾಯಿಗೆ ಶಲ್ಯದ ತುದಿ ಒತ್ತಿಕೊಂಡಿದ್ದ.

ಆದರೆ ಹೆಡ್ಮಾಸ್ಟರು ಸೋಲುವವರಲ್ಲ. ಕಿವಿ ಹಿಡಿಯುವುದು ಆಗದಿದ್ದರೆ ಆಜ್ಞೆ ಹೊರಡಿಸಬೇಕು ಎಂದುಕೊಂಡರು. ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಒಂದು ಸುತ್ತೋಲೆ ಹಾಕಿದರು. ಈ ಮೂಲಕ ಎಲ್ಲ ಪೋಷಕರಿಗೆ ತಿಳಿಯಪಡಿಸುವುದೇನೆಂದರೆ, ಕೆಳಕಂಡ ಚಿತ್ರವನ್ನು ಇನ್ನು ಮುಂದೆ ಯಾರೂ ಯಾವುದೇ ಕಾರಣಕ್ಕೂ ಯಾರಿಗೂ ಕಳಿಸತಕ್ಕದ್ದಲ್ಲ. ಯಾವ ಚಿತ್ರ ಎಂದು ಗೊಂದಲವಾಗಬಾರದಲ್ಲ. ಕೆಳಗೆ ಚಿತ್ರವನ್ನೂ ಲಗತ್ತಿಸಿದರು.

ಅಲ್ಲಿಯವರೆಗೆ ಅದು ಸಿಗದೆ ಇದ್ದವರಿಗೂ ಸಿಕ್ಕಿತು. ಆಗಲಿ ಸಾರ್ ಎಂದು ಒಬ್ಬರು ಬರೆದು, ವಿನಯಕ್ಕೆ ಇರಲಿ ಎಂದು ಕೈಮುಗಿದ ಸ್ಟಿಕರ್ ಹಾಕಿದರು. ಅದೇ ಸ್ಟಿಕರ್. ಅವರನ್ನು ನೋಡಿ ಉಳಿದವರೂ ಹಾಕಿದರು. ಸುತ್ತೋಲೆ ಉದ್ದವಾಯಿತೆಂದು ಅದನ್ನು ಬಿಟ್ಟು ಚಿತ್ರವನ್ನಷ್ಟೇ ಪಕ್ಕದ ಊರಿನ ಶಾಲೆಗೆ ದಾಟಿಸಿದವರೂ ಇದ್ದರು. ಸಂಜೆಯ ಹೊತ್ತಿಗೆ ಮೇಲಧಿಕಾರಿಗಳ ಗುಂಪಿನಲ್ಲಿ ಅವರ ಸುತ್ತೋಲೆಯ ಬಗ್ಗೆ ಮೆಚ್ಚುಗೆ ಬಂತು, ಮೆಚ್ಚುಗೆಯ ಪಕ್ಕದಲ್ಲಿ ಹುಡುಗ ಕೈಮುಗಿದು ನಿಂತಿದ್ದ.

ಪಂಚಾಕ್ಷರಿಗೆ ಇನ್ನು ಹಿಡಿದುಕೊಳ್ಳಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕ. ತಪ್ಪಾಯಿತು ಬುದ್ಧಿ ಎಂದು ಹೇಳಿ ಮತ್ತೆ ನಕ್ಕ. ಅವನ ನಗು ಇಳಿದ ಮೇಲೆ ಗುರುಗಳು ಕತೆ ಮುಂದುವರಿಸಿದರು.

ಕೊನೆಗೆ ಹೆಡ್ಮಾಸ್ಟರು ಫೋನನ್ನು ಮನೆಯಲ್ಲೇ ಬಿಟ್ಟು, ತಾವೇ ಹುಡುಗನ ಮನೆಗೆ ಹೊರಟರು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಕಟ್ಟಿಕೊಂಡರು. ಜಗತ್ತೆಲ್ಲ ನಕ್ಕರೂ ನಿನ್ನ ಮೇಷ್ಟ್ರು ನಿನ್ನ ಜೊತೆ ಇದ್ದಾರೆ ಮಗು ಎನ್ನಬೇಕು. ಅವನ ಹೆಗಲ ಮೇಲೆ ಕೈ ಇಡಬೇಕು. ಇದನ್ನೆಲ್ಲ ನೆನೆದುಕೊಂಡು ಅವರಿಗೇ ಕಣ್ಣು ತುಂಬಿ ಬಂತು. ಹುಡುಗನ ತಾಯಿ ಅವರನ್ನು ಜಗಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟಳು. ಹೇಗಾದರೂ ಮಾಡಿ ಕರೆದುಕೊಂಡು ಹೋಗಿ ಸಾರ್, ನೀವು ಹೇಳಿದರೆ ಕೇಳುತ್ತಾನೆ ಎಂದು ಬೇಡಿಕೊಂಡು ಮಗನನ್ನು ಕೂಗಿದಳು.

ಹುಡುಗ ಒಳಗಿನಿಂದ ಬಂದ. ಮನೆ ಬಾಗಿಲಿಗೆ ಹೆಡ್ಮಾಸ್ಟರೇ ಬಂದಿದ್ದಾರೆ. ಹೆದರಿಕೆಯಿಂದ ಕಣ್ಣು ಅಗಲವಾದವು, ಅಳು ತಡೆದು ಕೆನ್ನೆ ಬಿಗಿದವು. ಮೇಷ್ಟ್ರನ್ನು ಕಂಡರೆ ಏನು ಮಾಡಬೇಕೆಂದು ಚಿಕ್ಕಂದಿನಿಂದ ಕಲಿಸಿದ್ದರೋ ಅದನ್ನೇ ಮಾಡಿದ. ಕೈಮುಗಿದ.

ಹೆಡ್ಮಾಸ್ಟರು ಕಿಸಕ್ಕನೆ ನಕ್ಕುಬಿಟ್ಟರು.

ನಗಬೇಕೆಂದು ನಕ್ಕದ್ದಲ್ಲ. ತಡೆಯಲು ಹೋದರು, ಕಾಫಿ ನೆತ್ತಿಗೆ ಹತ್ತಿತು, ಕೆಮ್ಮಿನ ನಡುವೆಯೂ ನಗು ಹೊರಗೆ ಬಂತು. ಅದು ನಿಂತಾಗ ತಾಯಿ ನೆಲ ನೋಡುತ್ತಿದ್ದಳು. ಹುಡುಗ ನಿಧಾನವಾಗಿ ಕೈ ಇಳಿಸಿದ.

“ಇನ್ನು ಮೇಲೆ ನಿಮಗೆ ಕೈಮುಗಿಯುವುದಿಲ್ಲ ಸಾರ್. ತಪ್ಪು ತಿಳಿಯಬೇಡಿ,” ಎಂದು ಹೇಳಿ ಒಳಗೆ ಹೋದ.

ಹೆಡ್ಮಾಸ್ಟರಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ತಾವು ಇಷ್ಟು ದಿನ ಊರೆಲ್ಲ ಹುಡುಕಿದ ಮನುಷ್ಯ ಅದೇ ಜಗಲಿಯ ಮೇಲೆ ಲೋಟ ಹಿಡಿದು ಕೂತಿದ್ದಾನೆ ಎಂದು ನಾಚಿಕೆಯಾಯಿತು. ಕಟ್ಟಿಕೊಂಡು ಬಂದಿದ್ದ ಒಂದು ಮಾತನ್ನೂ ಆಡದೆ ಎದ್ದು ಬಂದರು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಪಂಚಾಕ್ಷರಿ ಶಲ್ಯದಿಂದ ಕಣ್ಣೊರೆಸಿಕೊಂಡ. ಹೆಡ್ಮಾಸ್ಟರು ಮಾಡಿದ್ದು ತಪ್ಪು, ಮೇಷ್ಟ್ರಾದವರು ಹಾಗೆ ನಗಬಾರದಿತ್ತು ಎಂದ. ಹಾಗೆ ಹೇಳುತ್ತಿರುವಾಗಲೇ ಆ ಕೇಸರಿಬಾತಿನ ಮುಖ ಮತ್ತೆ ಕಣ್ಣೆದುರಿಗೆ ಬಂದಿರಬೇಕು, ಅವನ ಭುಜ ಕುಲುಕತೊಡಗಿತು.

“ಆದರೂ ಬುದ್ಧಿ, ಆ ಸ್ಟಿಕರ್ ಎಲ್ಲಾದರೂ ಇದ್ದರೆ ಒಂದು ಸಲ ನೋಡಬೇಕಿತ್ತು.”

“ಸ್ಟಿಕರ್ ಏಕಪ್ಪ, ಆ ಹುಡುಗನೇ ನಾಳೆ ನಿನ್ನ ತರಗತಿಗೆ ಬಂದು ಸೇರುತ್ತಾನೆ, ನೋಡುವೆಯಂತೆ.”