ಮೊದಲನೆಯ ಸ್ವಿಚ್ಚು

“ಗುರುಗಳೇ, ಸಂಜೆಯ ಭಜನೆಯಲ್ಲಿ ಒಂಬತ್ತು ಜನರಿಗೆ ಹಾಡಲು ಹೇಳಿದಿರಿ. ನನಗೊಬ್ಬನಿಗೆ ಮಾತ್ರ ‘ಬಾಯಿ ಮುಚ್ಚಿಕೊಂಡು ಕೂತಿರು’ ಎಂದಿರಿ. ಕೈಗೆ ತಾಳವನ್ನೂ ಕೊಡಲಿಲ್ಲ. ನಾನು ಅಲ್ಲಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಅಲ್ಲವೇ? ನಾಳೆ ಊರಿಗೆ ಹೊರಟುಬಿಡಲೇ?”

ಶಿಷ್ಯನ ಗಂಟು ಆಗಲೇ ಬಾಗಿಲ ಬಳಿ ಇತ್ತು. ಗುರುಗಳು ಅದನ್ನು ನೋಡಿ ನಕ್ಕರು.

“ಹೋಗುವೆಯಂತೆ ಮರಿ, ಯಾರು ಬೇಡ ಎಂದರು? ಮೊದಲು ಕೂತು ಇದನ್ನು ಕೇಳು” ಎಂದು ಹೇಳತೊಡಗಿದರು.

ಪಟ್ಟಣದಲ್ಲಿ ಹಳೆಯ ಕಂಪ್ಯೂಟರುಗಳ ಒಂದು ವಸ್ತುಸಂಗ್ರಹಾಲಯವಿದೆ. ಬೇರೆ ಕಡೆ ‘ಮುಟ್ಟಬೇಡಿ’ ಎಂದು ಬರೆದಿರುತ್ತಾರೆ. ಇಲ್ಲಿ ‘ಮುಟ್ಟಿ ನೋಡಿ’ ಎಂದು ಬರೆದಿದ್ದಾರೆ. ಹಾಗೆಂದ ಮೇಲೆ ನಾನು ಬಿಡುತ್ತೇನೆಯೇ? ಹಿಡಿಕೆ ತಿರುಗಿಸಿ ಗುಣಿಸುವ ಪೆಟ್ಟಿಗೆಯಲ್ಲಿ ಗುಣಿಸಿದೆ. ರಟ್ಟಿನ ಚೀಟಿಗೆ ತೂತು ಹೊಡೆಯುವ ಯಂತ್ರದಲ್ಲಿ ತೂತು ಹೊಡೆದೆ. ನನ್ನ ಪಕ್ಕದಲ್ಲಿದ್ದ ಒಬ್ಬ ನೇಕಾರ ಹೆಂಗಸು ಆ ಚೀಟಿ ನೋಡಿ, “ಅಯ್ಯ, ನಮ್ಮ ಮಗ್ಗದಾಗೂ ಇಂಥಾ ರಟ್ಟು ಅದಾವ್ರೀ!” ಎಂದು ಚಪ್ಪಾಳೆ ತಟ್ಟಿದಳು. ಈ ವಯಸ್ಸಿನಲ್ಲಿ ಅಷ್ಟು ಖುಷಿಪಟ್ಟದ್ದಕ್ಕೆ ನನಗೆ ನಾಚಿಕೆಯೇನೂ ಇಲ್ಲ.

ಒಳಗೆ ಬೀರುವಿನಷ್ಟು ದೊಡ್ಡ ಯಂತ್ರವೊಂದಿತ್ತು. ಅದರ ಮುಂಭಾಗದಲ್ಲಿ ಸಾಲಾಗಿ ಎಂಟು ಸ್ವಿಚ್ಚು. ಯಾವುದು ಮೇಲಿದೆ, ಯಾವುದು ಕೆಳಗಿದೆ ಎಂದು ಎಂಟನ್ನೂ ಒಟ್ಟಿಗೆ ಓದಿ ಅದು ಒಂದು ಇಂಗ್ಲಿಷ್ ಅಕ್ಷರವನ್ನು ಅಚ್ಚು ಹಾಕುತ್ತದೆ. ಮಾರ್ಗದರ್ಶಕ ಎಂಟು ಜನರನ್ನು ಕರೆದು ನಿಲ್ಲಿಸಿದ. ಸ್ವಿಚ್ಚುಗಳು ಸವೆದು ತಾವಾಗಿಯೇ ಮೇಲಕ್ಕೆ ಹಾರುತ್ತವೆ. ಆದ್ದರಿಂದ ಸಂಖ್ಯೆ ಕರೆದವರು ಎತ್ತಬೇಕು, ಉಳಿದವರು ಕೆಳಗೆ ಒತ್ತಿ ಹಿಡಿಯಬೇಕು ಎಂದ. ಅದಕ್ಕೆ ಬೇಕಾದ ಕಾಗದ ಈಗ ಎಲ್ಲಿಯೂ ತಯಾರಾಗುವುದಿಲ್ಲವಂತೆ. ಹಾಗಾಗಿ ದಿನಕ್ಕೆ ಒಂದೇ ಚೂರು, ಒಂದೇ ಹೆಸರು.

ಯಾರ ಹೆಸರು? ಗುಂಪಿನಲ್ಲಿ ಒಬ್ಬ ಕುಂಬಾರನಿದ್ದ. ಮರುದಿನ ಅವನ ಮೊಮ್ಮಗಳ ನಾಮಕರಣ. ಆ ಚೂರನ್ನು ತೊಟ್ಟಿಲಿಗೆ ಕಟ್ಟುವ ಆಸೆ ಅವನಿಗೆ. ಎಲ್ಲರೂ ಸಂತೋಷದಿಂದ ಒಪ್ಪಿದೆವು. ಹೆಸರನ್ನು ಮಾತ್ರ ಅವನು ಮಾರ್ಗದರ್ಶಕನ ಕಿವಿಯಲ್ಲಿ ಹೇಳಿದ. ತೊಟ್ಟಿಲ ಶಾಸ್ತ್ರಕ್ಕೆ ಮೊದಲು ಬಾಯಿಬಿಟ್ಟು ಹೇಳಬಾರದಂತೆ. ಅಚ್ಚು ಹಾಕಿದರೆ ಪರವಾಗಿಲ್ಲವಂತೆ!

ಮೊದಲನೆಯ ಸ್ವಿಚ್ಚು ಒಬ್ಬ ವ್ಯಾಪಾರಿಯದು, ಎರಡನೆಯದು ಕುಂಬಾರನದು, ಮೂರನೆಯದು ನೇಕಾರ ಹೆಂಗಸಿನದು. ಆರನೆಯದು ನನ್ನದು.

“ಎರಡು, ನಾಲ್ಕು, ಆರು!” ಎಂದು ಕರೆದ ಮಾರ್ಗದರ್ಶಕ.

ನಾವು ಎತ್ತಿದೆವು. ದೀಪಗಳು ಮಿನುಗಿದವು, ಯಂತ್ರ ಗಡಗಡ ಎಂದಿತು, ಕಾಗದದ ಮೇಲೆ ‘ಟಿ’ ಬಂತು. “ತಾರಾ!” ಎಂದು ನಾನು ಕೂಗಿಬಿಟ್ಟೆ. “ಎರಡು, ನಾಲ್ಕು, ಆರು, ಎಂಟು!” ಎಂದ. ‘ಯು’ ಬಂತು. “ತುಳಸಿ ಇರಬೇಕು” ಎಂದರು ಯಾರೋ. ಕುಂಬಾರ ನಿಂತಲ್ಲೇ ಕುಣಿಯುತ್ತಿದ್ದ. ಮೂರನೆಯ ಸಲ ‘ಎನ್’ ಬಂದಾಗ ಎಲ್ಲರೂ ಕತ್ತು ಚಾಚಿ ನೋಡಿದೆವು.

ವ್ಯಾಪಾರಿಯ ಸಂಖ್ಯೆಯನ್ನು ಒಮ್ಮೆಯೂ ಕರೆಯಲಿಲ್ಲ. ನೇಕಾರ ಹೆಂಗಸಿನ ಮೂರನೆಯದನ್ನೂ ಕರೆಯಲಿಲ್ಲ. ವ್ಯಾಪಾರಿ ಕುಂಬಾರನ ಬೆನ್ನ ಹಿಂದಿನಿಂದ ಆ ಹೆಂಗಸಿಗೆ ಹೇಳಿದ: “ನಿಮ್ಮನ್ನೂ ಕರೀಲಿಲ್ಲ, ನನ್ನನ್ನೂ ಕರೀಲಿಲ್ಲ. ನಾವೇನು ಬೆದರುಬೊಂಬೆಗಳಾ?”

“ಸುಮ್ನ ಒತ್ತಿ ಹಿಡೀರಿ ಸಾವಕಾರ್ರ, ಕೂಸಿನ ಹೆಸರು ಬರಾಕತ್ತೈತಿ” ಎಂದಳು ಅವಳು. ಒತ್ತಿ ಒತ್ತಿ ಅವಳ ಹೆಬ್ಬೆರಳು ಬಿಳಿಚಿಕೊಂಡಿತ್ತು.

‘ಜಿ’ ಬಂತು. “ತುಂಗಾ!” ಎಂದು ಇಡೀ ಕೋಣೆ ಕೂಗಿತು. ಕುಂಬಾರ ಹೌದು ಹೌದು ಎನ್ನುತ್ತ ಕಣ್ಣೊರೆಸಿಕೊಂಡ. ಇನ್ನು ಉಳಿದದ್ದು ಒಂದೇ ಅಕ್ಷರ. ಈಗಲೂ ಕೈ ಹಾಕದಿದ್ದರೆ ತಾನು ಬಂದದ್ದೇ ದಂಡ ಎನಿಸಿತು ವ್ಯಾಪಾರಿಗೆ. “ಎರಡು, ಎಂಟು!” ಎಂದು ಕರೆದಾಗ ಅವನೂ ತನ್ನದನ್ನು ಎತ್ತಿಬಿಟ್ಟ.

ಯಂತ್ರ ಗಡಗಡ ಎಂದಿತು. ‘ಎ’ ಬರಬೇಕಾದ ಕಡೆ ಒಂದು ಕಪ್ಪು ಚೌಕ ಬಂತು. ಕಾಗದ ಮುಗಿಯಿತು.

ಕುಂಬಾರ ಚೂರನ್ನು ಮಡಚಿ ಜೇಬಿಗಿಟ್ಟುಕೊಂಡು ಹೊರಗೆ ಹೋದ. ವ್ಯಾಪಾರಿ ಮಾತ್ರ ಸಿಕ್ಕವರಿಗೆಲ್ಲ ಹೇಳುತ್ತಿದ್ದ: “ಇಷ್ಟು ಹೊತ್ತೂ ಏನೂ ಮಾಡದೆ ನಿಂತಿದ್ದೆ ಸ್ವಾಮಿ. ಎತ್ತಿದ್ದು ಒಂದೇ ಒಂದು ಸಲ.”

ಗುರುಗಳು ಕತೆ ನಿಲ್ಲಿಸಿ ಶಿಷ್ಯನನ್ನು ಕೇಳಿದರು: “ಹೇಳು ಮರಿ, ಆ ವ್ಯಾಪಾರಿ ಎಷ್ಟು ಅಕ್ಷರ ಬರೆದ?”

“ಅವನು ಬರೆದದ್ದು ಎಲ್ಲಿ ಬಂತು ಗುರುಗಳೇ? ಒಂದನ್ನು ಕೆಡಿಸಿದ, ಅಷ್ಟೇ.”

“ಒತ್ತಿ ಹಿಡಿದೇ ನಾಲ್ಕು ಬರೆದಿದ್ದ, ಅದು ತಿಳಿಯದೆ ಐದನೆಯದನ್ನು ಕೆಡಿಸಿದ.”