ಮೂರು ತಿಂಗಳ ನಿತಾಯಿ

ಕೇಳುವವರು ನೆಟ್ಟಗೆ ಕುಳಿತು ಕೇಳಿ. ಗಡಿಯಾಚೆಯಿಂದ ನಿರಾಶ್ರಿತರಾಗಿ ಬಂದ ಬಂಗಾಳಿಗಳು ತುಂಗಭದ್ರಾ ಕಾಲುವೆಯ ಬಯಲಿನಲ್ಲಿ ನೆಲೆಸಿ ನಲವತ್ತು ವರ್ಷವಾಗಿತ್ತು. ಅವರಲ್ಲಿ ಸರಳಾಬಾಲಾ ಎಂಬ ವಿಧವೆ; ಅವಳಿಗೊಬ್ಬನೇ ಮಗ, ನಿತಾಯಿ. ಹೇಳಿದ್ದನ್ನು ಹೇಳಿದಂತೆಯೇ ಮಾಡುವವನು. ಅದೇ ಅವಳ ಸಂಕಟ.

ಆ ವರ್ಷ ಹಳ್ಳ ಉಕ್ಕಿ ಅವರ ಗುಡಿಸಲು ಕೊಚ್ಚಿಹೋಯಿತು. ಸರ್ಕಾರ ಪರಿಹಾರ ಸಾರಿತು. ಆದರೆ ಅಂದು ಗಡಿಯ ನಿರಾಶ್ರಿತರ ಶಿಬಿರದಲ್ಲಿ ಮಗನ ಹೆಸರಿಗೆ ಬರೆದುಕೊಟ್ಟ ಚೀಟಿ ತೋರಿಸಬೇಕು. ಶನಿವಾರವೇ ಕಡೆಯ ದಿನ.

“ಇದು ಹೋದರೆ ಮನೆ ಹೋದಂತೆ. ಯಾರ ಕೈಗೂ ಕೊಡಬೇಡ” ಎಂದು ತಾಯಿ ಚೀಟಿ ಕೊಟ್ಟು ಕಚೇರಿಗೆ ಕಳುಹಿಸಿದಳು.

ನಿತಾಯಿ ಕೊಡಲಿಲ್ಲ. ಗುಮಾಸ್ತನಿಗೂ ಕೊಡಲಿಲ್ಲ. ಕಿಟಕಿಯ ಆಚೆಯಿಂದ ಆತ ಎಳೆದ, ಈಚೆಯಿಂದ ಇವನೆಳೆದ. ಕಚೇರಿ ಮುಚ್ಚಿತು.

“ಬುದ್ಧಿಗೇಡಿ, ಕೇಳಿದವರಿಗೆ ಕೊಡಬೇಕಪ್ಪ!” ಎಂದಳು ತಾಯಿ.

ಮರುದಿನ ದಾರಿಯಲ್ಲಿ ಶೇಂಗಾ ಮಾರುವವನು, “ಪೊಟ್ಟಣ ಕಟ್ಟಲು ಕಾಗದ ಇದೆಯೇನೋ ತಮ್ಮ?” ಎಂದ. ಕೇಳಿದ, ಇವನು ಕೊಟ್ಟ. ಸರಳಾಬಾಲಾ ಓಡಿಹೋಗಿ, ಶೇಂಗಾ ಸುರಿದು, ಚೀಟಿ ಬಿಡಿಸಿ ತಂದಳು.

“ಕಚೇರಿಯಲ್ಲಿ ಮಾತ್ರ ಕೊಡು. ಏನು ಕೇಳಿದರೂ ಚೀಟಿಯಲ್ಲಿ ಇದ್ದದ್ದನ್ನೇ ಹೇಳು. ಒಂದಕ್ಷರ ಹೆಚ್ಚು ಬೇಡ, ಕಡಿಮೆ ಬೇಡ.”

ಶುಕ್ರವಾರ ಗುಮಾಸ್ತ ಕೇಳಿದ: “ವಯಸ್ಸು?”

“ಮೂರು ತಿಂಗಳು.”

“ವಾಸ?”

“ಹದಿನಾಲ್ಕನೇ ಡೇರೆ.”

“ಮೀಸೆ ನರೆತಿದೆಯಲ್ಲೋ?”

“ಚೀಟಿಯಲ್ಲಿ ಮೀಸೆ ಇಲ್ಲ, ಸಾಹೇಬ್ರೆ.”

ಗುಮಾಸ್ತ ಚೀಟಿ ನೋಡಿದ. ಮೂರು ತಿಂಗಳೆಂದೇ ಇತ್ತು. ಹಾಗೆಯೇ ಪುಸ್ತಕಕ್ಕೆ ಇಳಿಸಿದ. “ಕೂಸಿನ ಅರ್ಜಿ ನಡೆಯುವುದಿಲ್ಲ. ತಾಯಿ ಎತ್ತಿಕೊಂಡು ಬರಬೇಕು.”

ಮಗ ಮನೆಗೆ ಬಂದು ಹೇಳಿದಾಗ ಸರಳಾಬಾಲಾಳ ಮೈ ಉರಿಯಿತು. “ನಲವತ್ತು ವರ್ಷ ಈ ಗದ್ದೆಗಳಲ್ಲಿ ಸೊಂಟ ಬಗ್ಗಿಸಿ ನಾಟಿ ಮಾಡಿದೆ. ಇವರ ಪುಸ್ತಕದಲ್ಲಿ ನಾನಿನ್ನೂ ಗಡಿ ದಾಟುತ್ತಲೇ ಇದ್ದೇನೆ! ನಾಳೆ ನಾನೇ ಬರುತ್ತೇನೆ. ನೀನು ಬಾಯಿ ಬಿಡಬೇಡ. ಸಾಹೇಬರು ಹೇಳಿದಷ್ಟು ಮಾಡು, ಸಾಕು.”

ಶನಿವಾರ ಮಗನನ್ನು ಕಿಟಕಿಯ ಮುಂದೆ ನಿಲ್ಲಿಸಿದಳು. “ನೋಡಿ ಸ್ವಾಮಿ, ಇದು ಕೂಸೇ?”

ಗುಮಾಸ್ತ ತಲೆ ಎತ್ತಲಿಲ್ಲ. “ಮೊದಲು ಎತ್ತಿಕೊಳ್ಳಮ್ಮ. ನಿಯಮ ಅದು.”

ನಿತಾಯಿ ತಾಯಿಯ ಸೊಂಟ ಏರಿಯೇಬಿಟ್ಟ. ಅವಳು ತತ್ತರಿಸಿ ಕುಸಿದು ಕುಳಿತಳು. ಮಗ ಮಡಿಲು ತುಂಬಿ, ಕಾಲುಗಳು ಬಾಗಿಲವರೆಗೆ ಚಾಚಿದವು. ಸಾಲಿನಲ್ಲಿದ್ದವರು ನಕ್ಕರು. ಗುಮಾಸ್ತ ನಗಲಿಲ್ಲ. ಬಗ್ಗಿ ಮಡಿಲು ನೋಡಿದ, ಪುಸ್ತಕ ನೋಡಿದ. ಎರಡೂ ತಾಳೆಯಾದವು. ಮೊಹರು ಒತ್ತಿದ.

“ಮಂಜೂರು. ಮುಂದಿನವರು ಬನ್ನಿ.”

“ಇಳಿಯೋ, ಕೆಲಸ ಆಯಿತು” ಎಂದಳು ಸರಳಾಬಾಲಾ, ಏದುಸಿರು ಬಿಡುತ್ತ.

ನಿತಾಯಿ ಬಾಯಿ ಬಿಡಲಿಲ್ಲ, ಇಳಿಯಲೂ ಇಲ್ಲ. ಇಳಿಯೆಂದು ಸಾಹೇಬರು ಹೇಳಿರಲಿಲ್ಲ.