ನಡುವಿನ ಗುರುತು

ಶಿಷ್ಯ ಕೇಳಿದ: "ಗುರುಗಳೇ, ವಿದ್ಯೆ ಕಲಿಯುವವನು ಮೊದಲು ಸಿಟ್ಟು ಬಿಡಬೇಕು ಅನ್ನುತ್ತಾರೆ. ಬಿಡುವ ದಾರಿ ಯಾವುದು?"

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಒಬ್ಬ ಗುತ್ತಿಗೆದಾರನಿದ್ದ. ಊರಿನ ಒಳಚರಂಡಿಯ ಕೆಲಸ ಅವನದು. ಮನುಷ್ಯರನ್ನು ಮ್ಯಾನ್‌ಹೋಲಿಗೆ ಇಳಿಸಬಾರದು ಎಂದು ಕಾನೂನಿದೆ. ತಾನು ಯಾರನ್ನೂ ಇಳಿಸುವುದಿಲ್ಲ, ಎಲ್ಲ ಯಂತ್ರವೇ ಮಾಡುತ್ತದೆ ಎಂದು ಅವನು ಪುರಸಭೆಗೆ ಹೇಳಿದ್ದ. ಯಂತ್ರ ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತಿತ್ತು. ಮನುಷ್ಯರು ಇಳಿಯುತ್ತಿದ್ದರು.

ಇಳಿಯುವವರಲ್ಲಿ ಒಬ್ಬನಿಗೆ ತಂಗಿಯಿದ್ದಳು. ಕಂಪ್ಯೂಟರಿನಲ್ಲಿ ಚಿತ್ರ ಬರೆಯುವುದು ಅವಳ ಕಸುಬು. ಅಣ್ಣ ಎಷ್ಟು ಉಜ್ಜಿ ಮಿಂದರೂ ಉಣ್ಣುವ ಮುಂಚೆ ಕೈ ಮೂಸಿ ನೋಡಿಕೊಳ್ಳುತ್ತಿದ್ದ. ಅವಳು ನೋಡಿಯೂ ನೋಡದವಳಂತೆ ಬಡಿಸುತ್ತಿದ್ದಳು.

ಗುತ್ತಿಗೆದಾರನಿಗೆ ಪುರಸಭೆಯ ಮುಂದೆ ತೋರಿಸಲು ತನ್ನ ಕೆಲಸವನ್ನು ಹೊಗಳುವ ಒಂದು ಕಂಪ್ಯೂಟರ್ ಆಟ ಬೇಕಾಯಿತು. ಬಟನ್ ಒತ್ತಬೇಕು, ಕಟ್ಟಿಕೊಂಡ ಚರಂಡಿ ಹರಿಯಬೇಕು. ಕೂಲಿಯವನ ತಂಗಿ, ಹೇಳಿದಂತೆ ಕೇಳುತ್ತಾಳೆ ಎಂದು ಅವಳಿಗೇ ಒಪ್ಪಿಸಿದ.

ಆಟ ಕಟ್ಟುವ ಸಾಧನ ಅವಳಿಗೆ ಹೊಸದು. ತೆರೆಯ ಕೆಳಗೆ ಟೈಮ್‌ಲೈನ್ ಎಂಬ ಉದ್ದನೆಯ ಪಟ್ಟಿ. ಈ ಗಳಿಗೆಯಲ್ಲಿ ಆಟದ ಗೊಂಬೆ ಎಲ್ಲಿದೆ ಎಂದು ಪಟ್ಟಿಯ ಮೇಲೆ ಒಂದು ಗುರುತು ಹಾಕಬೇಕು. ಮುಂದಿನ ಗಳಿಗೆಯಲ್ಲಿ ಎಲ್ಲಿದೆ ಎಂದು ಇನ್ನೊಂದು. ನಡುವಿನ ಚಲನೆಯನ್ನು ಸಾಧನವೇ ತುಂಬುತ್ತದೆ. ಅವಳು ಮೊದಲ ಗುರುತಿನಲ್ಲಿ ಒಬ್ಬ ಮನುಷ್ಯನನ್ನು ಮ್ಯಾನ್‌ಹೋಲಿನ ಪಕ್ಕ ನಿಲ್ಲಿಸಿದಳು. ಕೆಲಸ ಮುಗಿಸಿ ಮೇಲೆ ಬರುತ್ತಾನಲ್ಲ ಎಂದು ಕೊನೆಯ ಗುರುತಿನಲ್ಲೂ ಅಲ್ಲೇ ನಿಲ್ಲಿಸಿದಳು. ಇಳಿಯುವುದನ್ನು ಸಾಧನ ತುಂಬಿಕೊಳ್ಳುತ್ತದೆ ಎಂದುಕೊಂಡಳು. ನಡೆಸಿ ನೋಡಿದರೆ ಮನುಷ್ಯ ಕದಲಲೇ ಇಲ್ಲ. ಚರಂಡಿ ಮಾತ್ರ ತಾನಾಗಿ ಹರಿಯಿತು. ಅಳಿಸಿ ಮತ್ತೆ ಹಾಕಿದಳು. ಮತ್ತೆ ಅದೇ. "ಥೂ, ನಿನ್ನ ಮನೆ ಹಾಳಾಗ!" ಎಂದು ಮೇಜಿಗೆ ಗುದ್ದಿದಳು.

ಹಿಂದೆ ನಿಂತಿದ್ದ ಗುತ್ತಿಗೆದಾರ ನಕ್ಕ. "ಅದನ್ಯಾಕಮ್ಮ ಬೈತೀಯ? ಸರಿಯಾಗೇ ತೋರಿಸ್ತಿದೆ. ಯಾರೂ ಇಳಿಯಲ್ಲ, ಕೆಲಸ ಆಗುತ್ತೆ. ಹೀಗೇ ಇರ್ಲಿ."

"ನಮ್ಮಣ್ಣ ಇಳೀತಾನಲ್ಲ ಸಾರ್?"

"ನಿಮ್ಮಣ್ಣಂಗೆ ನಾಳೆಯಿಂದ ಕೆಲಸ ಬೇಡ ಅಂದ್ರೆ ಹೇಳಮ್ಮ, ತೋರಿಸೋಣ."

ಅವಳ ಸಿಟ್ಟು ಸಾಧನವನ್ನು ಬಿಟ್ಟು ಅವನತ್ತ ತಿರುಗಿತು. ತನ್ನ ತಪ್ಪು ಅವನ ಸುಳ್ಳಿಗೆ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಕೂತದ್ದು ಕಂಡಿತು. ಎರಡು ತುದಿಯೂ ಒಂದೇ ಆದರೆ ನಡುವೆ ಏನೂ ನಡೆದಿಲ್ಲ ಎಂದೇ ಲೆಕ್ಕ. ಬೆಳಿಗ್ಗೆ ಮನೆ ಬಿಟ್ಟ ಅಣ್ಣ ಸಂಜೆ ಮನೆಗೆ ಬಂದ. ಊರಿಗೆ ಅಷ್ಟೇ ಸಾಕು.

ಆ ಸಿಟ್ಟಿನಲ್ಲೇ ಕೂತು ಕಲಿತಳು. ನಡುವೆ ಒಂದು ಗುರುತು ಹಾಕಿ, ಮನುಷ್ಯನನ್ನು ಮ್ಯಾನ್‌ಹೋಲಿನ ತಳದಲ್ಲಿ ಕುತ್ತಿಗೆಯವರೆಗೆ ಮುಳುಗಿಸಿದಳು. ಈಗ ಅವನು ಇಳಿದ, ಹತ್ತಿ ಬಂದ. ಹತ್ತಿ ಬಂದದ್ದು ಎಷ್ಟು ಸಲೀಸು! ಅದನ್ನು ನೋಡಿ ಅವಳಿಗೆ ಇನ್ನೂ ಉರಿಯಿತು. ಕೊನೆಯ ಗುರುತನ್ನು ಕಿತ್ತುಹಾಕಿದಳು. ಮುಂದೆ ಗುರುತಿಲ್ಲದಿದ್ದರೆ ಗೊಂಬೆ ಇದ್ದಲ್ಲೇ ಉಳಿಯುತ್ತದೆ ಎಂಬುದನ್ನೂ ಅಷ್ಟು ಹೊತ್ತಿಗೆ ಕಲಿತಿದ್ದಳು.

ಪುರಸಭೆಯಲ್ಲಿ ಅಧಿಕಾರಿಗಳು ಸೇರಿದರು. ಗುತ್ತಿಗೆದಾರ ತಾನೇ ಬಟನ್ ಒತ್ತಿದ. ಮನುಷ್ಯ ಇಳಿದ. ಚರಂಡಿ ಹರಿಯಿತು. ಮನುಷ್ಯ ಮೇಲೆ ಬರಲಿಲ್ಲ. ಗುತ್ತಿಗೆದಾರ ಬಟನನ್ನು ಮತ್ತೆ ಮತ್ತೆ ಅದುಮಿದ. ಅಧಿಕಾರಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಏಯ್, ಮೇಲೆತ್ತೇ ಅವನನ್ನ!" ಎಂದು ಅವನು ಕಿರುಚಿದ.

"ಯಾರೂ ಇಳಿಯಲ್ಲ ಅಂದ್ರಲ್ಲ ಸಾರ್," ಎಂದಳು ಅವಳು. "ಎಲ್ಲಿಂದ ಎತ್ತಲಿ?"

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು. "ಹಾಗಾದರೆ ಅವಳ ಅಣ್ಣನಿಗೆ ಇಳಿಯುವುದು ತಪ್ಪಿತು, ಅಲ್ಲವೇ ಗುರುಗಳೇ?"

ಗುರುಗಳು ಹೇಳಿದರು: "ಗುತ್ತಿಗೆ ಬೇರೊಬ್ಬನ ಕೈಗೆ ಹೋಯಿತು, ಅಣ್ಣ ಇವತ್ತು ಬೆಳಿಗ್ಗೆಯೂ ಇಳಿದಿದ್ದಾನೆ, ನೀನು ಇಲ್ಲಿ ಕೂತು ಸಿಟ್ಟು ಬಿಡುವ ದಾರಿ ಕೇಳುತ್ತಿದ್ದೀಯೆ."